ನೋರೆಲಿಯಾಳ ಮನೆಯ ಎರಡನೆಯ ಲೋಟ

ಬೇಯಿಸಿದ ಮುಸುಕಿನ ಜೋಳವನ್ನು ರುಬ್ಬಿ ಮಗಳ ಬುತ್ತಿಗೆ ಅರೆಪಾ ರೊಟ್ಟಿ ತಟ್ಟುತ್ತಿದ್ದೆ. ಎರಡನೆಯದನ್ನು ಕಾವಲಿಗೆ ಹಾಕುವಷ್ಟರಲ್ಲಿ ಠಾಣೆಯಿಂದ ಫೋನ್ ಬಂತು. ಉಳಿದ ಹಿಟ್ಟನ್ನು ನನ್ನ ತಾಯಿಗೆ ಒಪ್ಪಿಸಿ ಪೆಟ್ಟಿಗೆ ಎತ್ತಿಕೊಂಡು ಹೊರಟೆ. ಅಪರಾಧ ನಡೆದ ಜಾಗದಲ್ಲಿ ಗುರುತುಗಳನ್ನು ಹುಡುಕುವುದು ಹನ್ನೊಂದು ವರ್ಷಗಳಿಂದ ನನ್ನ ಕೆಲಸ.

ಕೌಕಾ ನದಿಯ ಮೇಲಿನ ದಿಣ್ಣೆಯಲ್ಲಿ ಆ ಮನೆ. ಬಟ್ಟೆ ಹೊಲಿದು ಬದುಕುತ್ತಿದ್ದ ನೋರೆಲಿಯಾಳನ್ನು ಯಾರೋ ಕತ್ತು ಹಿಸುಕಿ ಕೊಂದಿದ್ದರು. ಅಜ್ಜಿಯ ಮನೆಯಲ್ಲಿ ಮಲಗಿದ್ದ ಏಳು ವರ್ಷದ ಮಗಳು ಯೂರಾನಿ ಬೆಳಿಗ್ಗೆ ಅಜ್ಜಿಯ ಕೈಹಿಡಿದು ಮರಳಿದಾಗ ತಾಯಿ ನೆಲದ ಮೇಲೆ ಬಿದ್ದಿದ್ದಳು.

ಫೋಟೊ ತೆಗೆಯುವ ವಿಲ್ಮಾರ್ ಬಾಗಿಲಲ್ಲೇ ಕಾಯುತ್ತಿದ್ದ. "ಅಕ್ಕಾ, ಮೂಗಿನ ಮೇಲೆ ಹಿಟ್ಟು. ಅದಕ್ಕೂ ನಂಬರ್ ಹಾಕಿ ಫೋಟೊ ಹೊಡೀಲಾ?" ಎಂದವನು ದನಿ ತಗ್ಗಿಸಿದ. "ಓಣಿ ಹೆಂಗಸ್ರೆಲ್ಲ ಸೇರಿ ನೆಲ ಒರೆಸಿಬಿಟ್ಟಿದಾರೆ."

ನೆಲವಷ್ಟೇ ಅಲ್ಲ. ಹೆಣವನ್ನು ಮಂಚಕ್ಕೆ ಎತ್ತಿ, ತಲೆ ಬಾಚಿ, ಮೇಣದಬತ್ತಿ ಹಚ್ಚಿದ್ದರು. ಆತ್ಮಕ್ಕೆ ಬಾಯಾರದಿರಲೆಂದು ತಲೆದೆಸೆಯಲ್ಲಿ ಒಂದು ಲೋಟ ನೀರು. ನನ್ನ ತಂದೆ ತೀರಿಕೊಂಡಾಗ ನಾನೂ ಇಟ್ಟಿದ್ದೆ. ಬೈಯಲು ಬಾಯಿ ಬರಲಿಲ್ಲ.

ಬಾಗಿಲ ಚಿಲಕ ಮುರಿದಿರಲಿಲ್ಲ. ಮೇಜಿನ ಬಟ್ಟೆಯ ಮೇಲೆ ಕಾಫಿಯ ಎರಡು ದುಂಡು ಕಲೆಗಳಿದ್ದವು. ಆದರೆ ಲೋಟ ಒಂದೇ. ಅದರ ಅಂಚಿನಲ್ಲಿ ನೋರೆಲಿಯಾಳ ತುಟಿಯ ಬಣ್ಣ. ಬಂದವನು ಪರಿಚಿತ, ಅವಳೇ ಕೂರಿಸಿ ಕಾಫಿ ಕೊಟ್ಟಿದ್ದಾಳೆ. "ಬಂದೋನು ಕುಡಿದ ಲೋಟದಲ್ಲಿ ಅವನ ಬೆರಳ ಗುರುತು, ಎಂಜಲು ಎರಡೂ ಇರ್ಬೇಕಿತ್ತು. ಅದು ಸಿಕ್ಕಿದ್ರೆ ಅವನೂ ಸಿಗ್ತಿದ್ದ," ಎಂದೆ ವಿಲ್ಮಾರ್‌ಗೆ. ತಲೆದೆಸೆಯ ಲೋಟವನ್ನು ನೋಡಿದೆ. ಮೇಜಿನ ಲೋಟದ ಮೇಲಿದ್ದ ಅದೇ ನೀಲಿ ಹೂವು, ಅದರದೇ ಜೋಡಿ.

"ಇದನ್ನ ತೊಳೆದೋರು ಯಾರಮ್ಮ?"

"ನಾನೇ," ಎಂದರು ಅಜ್ಜಿ ಎರ್ಮೆಲಿಂದಾ. "ಎಂಜಲು ಲೋಟದಲ್ಲಿ ನೀರಿಡಕ್ಕಾಗತ್ತಾ? ಸತ್ತೋರಿಗೆ ಬಾಯಾರತ್ತೆ ಅಂತ ನಿಮ್ಮ ಆಫೀಸಲ್ಲಿ ಹೇಳ್ಕೊಡಲ್ವೇನೇ?"

ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದ ಯೂರಾನಿ ತಲೆಯೆತ್ತಿದಳು. ಅಜ್ಜಿಯ ಮುಖವನ್ನೇ ನೋಡಿದಳು.

ಕುರ್ಚಿಯ ಬೆನ್ನಿಗೆ, ಬಾಗಿಲ ಒಳಮೈಗೆ ಬೆರಳ ಗುರುತು ಮೂಡಿಸುವ ಪುಡಿ ಹಚ್ಚಿ ನೋಡಿದೆ. ಒಂದರ ಮೇಲೊಂದು ಹತ್ತಾರು ಅಂಗೈಗಳು. ಮನೆಯವರ ಗುರುತುಗಳನ್ನು ತೆಗೆದಿಟ್ಟುಕೊಂಡರೆ ಮಾತ್ರ ಹೊರಗಿನವನದನ್ನು ಬೇರ್ಪಡಿಸಬಹುದು. ಅಜ್ಜಿಯದಾದ ಮೇಲೆ ಮಸಿಪಟ್ಟಿ ಹಿಡಿದು ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಅವಳು ಕೈಗಳೆರಡನ್ನೂ ಬೆನ್ನ ಹಿಂದೆ ಬಚ್ಚಿಟ್ಟಳು.

"ಭಯ ಬೇಡ ಪುಟ್ಟಿ. ಬರೀ ಮಸಿ ಇದು, ತೊಳೆದ್ರೆ ಹೋಗತ್ತೆ."

ಆ ಮಾತಿಗೆ ಅವಳ ಮುಖ ಇನ್ನಷ್ಟು ಕಂಗೆಟ್ಟಿತು. ನಾನು ಅವಸರ ಮಾಡಲಿಲ್ಲ. ಬಹಳ ಹೊತ್ತಿನ ಮೇಲೆ ಕೈ ಮುಂದೆ ಬಂತು. ಒಂದೊಂದೇ ಬೆರಳನ್ನು ಹಾಳೆಗೆ ಒತ್ತಿಸಿದೆ.

"ಅಜ್ಜಿ ಸುಳ್ಳು ಹೇಳಿದ್ರು," ಎಂದಳು. "ಲೋಟ ತೊಳೆದಿದ್ದು ನಾನು. ಸೋಪು ಹಾಕಿ ಚೆನ್ನಾಗಿ ಉಜ್ಜಿದೆ."

"ಸುಮ್ನಿರೇ ಕಂದಾ," ಎಂದು ಅಜ್ಜಿ ಅವಳ ಭುಜ ಹಿಡಿದರು.

ಯೂರಾನಿ ಸುಮ್ಮನಾಗಲಿಲ್ಲ. ಮಸಿಯಾದ ಬೆರಳಿನಿಂದ ನನ್ನ ತೋಳು ಹಿಡಿದುಕೊಂಡಳು.

"ಆಂಟೀ, ನಾನು ತೊಳೆದಿದ್ದಕ್ಕೆ ಅವನು ಇನ್ನು ಸಿಗೋದೇ ಇಲ್ವಾ?"