ಮಗನಿಗೆ ಗೊತ್ತಿರುವ ಕಾಯಿಲೆಗಳು

ನನ್ನ ಗಂಡ ಡಾಕ್ಟರಾದದ್ದು ಒಂದು ಬೋರ್ಡಿನ ದೆಸೆಯಿಂದ. ನಮ್ಮ ಮಾವ ಬೋರ್ಡು ಬರೆಯುವ ಕೆಲಸದವರು. ಅಂಗಡಿ, ಹೋಟೆಲು, ವಕೀಲರ ಆಫೀಸು, ಟೈಪಿಂಗ್ ಶಾಲೆ, ಎಲ್ಲ ಕಡೆಯೂ ಅವರದೇ ಅಕ್ಷರ. ಜೀವಮಾನವೆಲ್ಲ ಏಣಿಯ ಮೇಲೆ ನಿಂತು ಅವರು ಕಂಡುಕೊಂಡ ಸತ್ಯ ಒಂದೇ. ಅಂಗಡಿ ಮುಳುಗಿದರೆ ಅಂಗಡಿಯ ಬೋರ್ಡು ಇಳಿಯುತ್ತದೆ, ಪಾಲುದಾರರು ಕಿತ್ತಾಡಿದರೆ ಹೋಟೆಲಿನ ಬೋರ್ಡು ಇಳಿಯುತ್ತದೆ, ಡಾಕ್ಟರ ಬೋರ್ಡು ಮಾತ್ರ ಡಾಕ್ಟರು ಸತ್ತ ಮೇಲೂ ಒಂದಷ್ಟು ಕಾಲ ನೇತಾಡುತ್ತಲೇ ಇರುತ್ತದೆ. ಹೀಗಾಗಿ ಮಗ ಇನ್ನೂ ಚಡ್ಡಿ ಹಾಕಿಕೊಂಡು ಓಡಾಡುವಾಗಲೇ ಅವನ ಹೆಸರಿನ ಮುಂದೆ ‘ಡಾ.’ ಸೇರಿಸಿ ತಗಡಿನ ಬೋರ್ಡೊಂದನ್ನು ಬರೆದು, ಒಣಗಿಸಿ, ಬಟ್ಟೆ ಸುತ್ತಿ ಮಂಚದ ಕೆಳಗೆ ಇಟ್ಟುಬಿಟ್ಟರು. ಬೋರ್ಡಿಗೆ ತಕ್ಕ ಹಾಗೆ ಬೆಳೆಯುವುದಷ್ಟೇ ಮಗನ ಪಾಲಿಗೆ ಉಳಿದ ಕೆಲಸ.

ನನ್ನ ಗಂಡನಿಗೆ ವಿಜ್ಞಾನದ ಮೇಲೆ ದ್ವೇಷವಿತ್ತು ಅಂದರೆ ತಪ್ಪಾಗುತ್ತದೆ. ದ್ವೇಷಕ್ಕೂ ಒಂದಿಷ್ಟು ಪರಿಚಯ ಬೇಕಲ್ಲ. ಎಲೆ ಯಾಕೆ ಹಸಿರು, ರಕ್ತ ಯಾಕೆ ಕೆಂಪು ಎಂದು ಇವರು ಹುಟ್ಟಿದಾಗಿನಿಂದ ಯಾರನ್ನೂ ಕೇಳಿದವರಲ್ಲ. ಇವರ ಜೀವ ಇದ್ದದ್ದು ಪರದೆಯಲ್ಲಿ. ಕಿಟಕಿ, ಬಾಗಿಲಿಗೆ ತೂಗುಹಾಕುವ ಪರದೆ. ಯಾರ ಮನೆಗೆ ಹೋದರೂ ಮನೆಯವರನ್ನು ಮಾತಾಡಿಸುವ ಮೊದಲು ಪರದೆಯ ಅಂಚನ್ನು ಬೆರಳಲ್ಲಿ ಉಜ್ಜಿ, ಮಡಿಕೆ ಸರಿಯಾಗಿ ಬಿದ್ದಿದೆಯೋ ಇಲ್ಲವೋ ನೋಡುತ್ತಾರೆ. ಪರದೆಯ ಅಂಗಡಿ ಇಟ್ಟಿದ್ದರೆ ಇವರನ್ನು ಮೀರಿಸುವವರು ಇರುತ್ತಿರಲಿಲ್ಲ. ಇದನ್ನು ಕುಹಕಕ್ಕೆ ಹೇಳುತ್ತಿಲ್ಲ, ಹೊಟ್ಟೆಯುರಿಯಿಂದ ಹೇಳುತ್ತಿದ್ದೇನೆ.

ಅರ್ಥವಾಗದ್ದನ್ನು ಓದಿ ಪಾಸಾಗುವುದಕ್ಕೆ ಇರುವುದು ಒಂದೇ ದಾರಿ, ಉರು ಹೊಡೆಯುವುದು. ಅದರ ಜವಾಬ್ದಾರಿ ಹೊತ್ತವರು ನಮ್ಮ ಅತ್ತೆ. ಅಡುಗೆಮನೆಯ ಸ್ಟೂಲಿನ ಮೇಲೆ ದಪ್ಪ ಪುಸ್ತಕ ತೆರೆದಿಟ್ಟುಕೊಂಡು ಸಾಲಿನ ಮೇಲೆ ಬೆರಳಾಡಿಸುತ್ತ ಅವರು ಕೂರುತ್ತಿದ್ದರು, ಮಗ ಸೂರು ನೋಡುತ್ತ ಒಪ್ಪಿಸುತ್ತಿದ್ದರು. ಪುಸ್ತಕದ ಭಾಷೆಯ ಅಕ್ಷರ ಅತ್ತೆಗೆ ಗೊತ್ತು, ಅರ್ಥ ಗೊತ್ತಿಲ್ಲ. ಅದಕ್ಕೇ ಪುಸ್ತಕದ ಮಾತಿನಲ್ಲಿ ಒಪ್ಪಿಸಿದ್ದನ್ನೆಲ್ಲ ಮತ್ತೊಂದು ಸಲ ಮನೆಮಾತಿನಲ್ಲಿ ಹೇಳಬೇಕೆಂದು ಹಟ ಹಿಡಿದರು. ಹೊಟ್ಟೆಹುಣ್ಣು ಅಂದರೆ ಮೊದಲು ಮೇಲ್ಹೊಟ್ಟೆಯಲ್ಲಿ ಉರಿ, ಆಮೇಲೆ ಹಸಿದಾಗ ಹೆಚ್ಚು, ಉಂಡರೆ ಕಡಿಮೆ, ಆಮೇಲೆ ಹುಳಿತೇಗು. ಈ ಕ್ರಮ ತಪ್ಪಿದರೆ ಅತ್ತೆ ಲೊಚಗುಟ್ಟುತ್ತಿದ್ದರು, ಮಗ ಮೊದಲಿನಿಂದ ಶುರು ಮಾಡುತ್ತಿದ್ದರು. ಹೀಗೆ ಕಾಲೇಜು ಮುಗಿಯುವ ಹೊತ್ತಿಗೆ ಆ ಮನೆಯಲ್ಲಿ ಎರಡು ಜನಕ್ಕೆ ವೈದ್ಯಶಾಸ್ತ್ರ ಬಾಯಿಪಾಠವಾಗಿತ್ತು, ಒಬ್ಬರಿಗೂ ತಲೆಗೆ ಹತ್ತಿರಲಿಲ್ಲ.

ಬಾಯಿಪಾಠಕ್ಕೂ ಬಗ್ಗದೆ ಉಳಿದದ್ದು ಹೃದಯದ ಪಾಠ. ಯಾವ ಕೋಣೆಯಿಂದ ಯಾವ ಕೋಣೆಗೆ ರಕ್ತ ಹೋಗುತ್ತದೆ ಅನ್ನುವಲ್ಲಿಗೆ ಬಂದರೆ ಇವರ ನಾಲಿಗೆ ಗಂಟು ಬೀಳುತ್ತಿತ್ತು. ಮೊದಲ ಸಲ ಪರೀಕ್ಷಕರು ಒಬ್ಬ ರೋಗಿಯನ್ನು ಮುಂದೆ ಮಲಗಿಸಿ, ಎದೆಯಲ್ಲಿ ಏನು ಕೇಳಿಸುತ್ತದೆ ಎಂದರಂತೆ. ಇವರು ಎದೆಗೆ ಸ್ಟೆತಾಸ್ಕೋಪು ಒತ್ತಿ, ಕೇಳಿಸಬೇಕಾದ ಸದ್ದುಗಳನ್ನೆಲ್ಲ ಕ್ರಮವಾಗಿ ಒಪ್ಪಿಸಿದರಂತೆ. ಅದರ ಇನ್ನೊಂದು ತುದಿ ಇವರ ಕಿವಿಯಲ್ಲಿ ಇರಲಿಲ್ಲ, ಕುತ್ತಿಗೆಯಲ್ಲೇ ಇತ್ತು. ಎರಡನೆಯ ಸಲ ಕಿವಿಗೆ ಹಾಕಿಕೊಂಡಿದ್ದರು, ಆದರೆ ಪಾಠ ಮರೆತುಹೋಗಿತ್ತು. ಮೂರನೆಯ ಸಲ ಪರೀಕ್ಷಕರಿಗೇ ವಿಪರೀತ ಶೀತವಾಗಿ ಕಿವಿ ಕಟ್ಟಿಕೊಂಡಿದ್ದರಿಂದ ಪಾಸಾದರು. ಆಮೇಲೆ ಆ ಮನೆಯಲ್ಲಿ ಹೃದಯದ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ಮಂಚದ ಕೆಳಗಿನ ಬೋರ್ಡು ಗೋಡೆಗೆ ಏರಿತು. ಅದನ್ನು ಕಣ್ತುಂಬ ನೋಡಿಕೊಂಡೇ ಮಾವ ತೀರಿಕೊಂಡರು. ಮದುವೆಯಾದ ಮೇಲೆ ಕ್ಲಿನಿಕ್ಕಿನ ಮುಂದಿನ ಮೇಜಿಗೆ ನಾನು ಬಂದೆ. ಹೆಸರು ಬರೆದುಕೊಂಡು ಸರದಿಯಂತೆ ಕೂಗುವುದು ನನ್ನ ಕೆಲಸ. ಕ್ಲಿನಿಕ್ಕಿನ ಪರದೆಗಳ ಅಂದವನ್ನು ನಾನು ಬಣ್ಣಿಸಬೇಕಾಗಿಲ್ಲ. ಒಳಗೆ ನೆಗಡಿ, ಕೆಮ್ಮು, ತುರಿಕೆ, ಹೊಟ್ಟೆಯುರಿ, ಎಲ್ಲ ಇವರಿಗೆ ನೀರು ಕುಡಿದಷ್ಟು ಸುಲಭ. ಯಾರಾದರೂ ಎದೆ ಅಂದರೋ, ಅವರು ಮಾತು ಮುಗಿಸುವ ಮೊದಲೇ ಇವರು ಪೆನ್ನು ಎತ್ತಿ ದೊಡ್ಡಾಸ್ಪತ್ರೆಗೆ ಚೀಟಿ ಬರೆದಿರುತ್ತಾರೆ. ಜನ ಇದನ್ನು ಜವಾಬ್ದಾರಿ ಅಂದುಕೊಂಡರು. ಎದೆನೋವಿನ ವಿಷಯದಲ್ಲಿ ಈ ಡಾಕ್ಟರು ಒಂದು ನಿಮಿಷವೂ ತಡಮಾಡುವುದಿಲ್ಲ ಎಂದು ಇವರಿಗೆ ಒಳ್ಳೆಯ ಹೆಸರೇ ಬಂತು. ಭಯದಿಂದ ಇಷ್ಟು ಜನರ ಪ್ರಾಣ ಉಳಿಸಿದವರನ್ನು ನಾನು ಬೇರೆ ಕಂಡಿಲ್ಲ.

ಅತ್ತೆ ಆಗಾಗ ಕ್ಲಿನಿಕ್ಕಿಗೆ ಬರುತ್ತಿದ್ದರು. ಮಗ ಮನೆಯಲ್ಲೇ ಇರುವಾಗ ಇಲ್ಲಿಗೆ ಯಾಕೆ ಅಂದರೆ, ನಾಲ್ಕು ಜನರ ಮುಂದೆ ಮಗನಿಗೆ ತೋರಿಸಿಕೊಳ್ಳುವ ಸುಖವೇ ಬೇರೆ. ಎಲ್ಲರ ಹಾಗೆ ಹೆಸರು ಬರೆಸಿ, ಬೆಂಚಿನ ಮೇಲೆ ಕೂತು, ಪಕ್ಕದವರಿಗೆ ಡಾಕ್ಟರು ತನ್ನ ಮಗ ಎಂದು ತಿಳಿಯುವಂತೆ ಮಾಡಿ, ಸರದಿ ಬಂದಾಗ ಎದ್ದು ಹೋಗುತ್ತಿದ್ದರು. ಒಂದು ತಿಂಗಳು ಕಾಲಿನ ಉಳುಕು, ಮತ್ತೊಂದು ತಿಂಗಳು ಕುತ್ತಿಗೆಯ ತುರಿಕೆ. ಪರದೆಯಾಚೆಯಿಂದ ನನಗೆಲ್ಲ ಕೇಳಿಸುತ್ತಿತ್ತು. ಅತ್ತೆ ಪುಸ್ತಕದ ಕ್ರಮದಲ್ಲೇ ನೋವು ಹೇಳುತ್ತಿದ್ದರು, ಇವರು ಪುಸ್ತಕದ ಕ್ರಮದಲ್ಲೇ ಉತ್ತರ ಕೊಡುತ್ತಿದ್ದರು, ಹೊರಗೆ ಬರುವಾಗ ಇಬ್ಬರ ಮುಖವೂ ಬೆಳಗುತ್ತಿತ್ತು. ಅತ್ತೆಗೆ ಬರುವ ಕಾಯಿಲೆಗಳೆಲ್ಲ ಮಗನಿಗೆ ಉತ್ತರ ಗೊತ್ತಿರುವ ಕಾಯಿಲೆಗಳೇ ಯಾಕಾಗಿರುತ್ತವೆ ಎಂದು ನಾನು ಒಂದೆರಡು ಸಲ ಯೋಚಿಸಿದ್ದುಂಟು. ವಯಸ್ಸಾದವರ ಹುಚ್ಚು ಎಂದು ನಕ್ಕು ಸುಮ್ಮನಾದೆ.

ಆ ಸೋಮವಾರ ಅತ್ತೆ ಬಂದಾಗ ಬೆಂಚು ಭರ್ತಿಯಾಗಿತ್ತು. ಬಾಗಿಲಿನ ಮೆಟ್ಟಿಲು ಹತ್ತಿ ಅಲ್ಲೇ ಗೋಡೆ ಹಿಡಿದು ನಿಂತರು. ಮೇಲ್ದುಟಿಯ ಮೇಲೆ ಬೆವರು ಹನಿಗಟ್ಟಿತ್ತು. ಎಡದವಡೆಯನ್ನು ಒಂದೇ ಸಮನೆ ಉಜ್ಜಿಕೊಳ್ಳುತ್ತಿದ್ದರು. ಮೊದಲು ಒಳಗೆ ಹೋಗಿ ಎಂದು ನಾನು ಎಷ್ಟು ಹೇಳಿದರೂ ಕೇಳದೆ, ಸರದಿ ತಪ್ಪಿಸುವುದು ಡಾಕ್ಟರ ತಾಯಿಗೆ ಶೋಭೆಯಲ್ಲ ಎಂದು ಕೂತೇ ಇದ್ದರು. ಸರದಿ ಬಂತು, ಒಳಗೆ ಹೋದರು. ಮೇಲ್ಹೊಟ್ಟೆಯಲ್ಲಿ ಉರಿ ಅಂದರು. ಹಸಿದಾಗ ಹೆಚ್ಚು, ಉಂಡರೆ ಕಡಿಮೆ ಅಂದರು. ಹುಳಿತೇಗನ್ನೂ ಬಿಡಲಿಲ್ಲ. ಹೊಟ್ಟೆಹುಣ್ಣು ಇವರು ಅತಿ ಹೆಚ್ಚು ಅಂಕ ತೆಗೆದಿದ್ದ ಪಾಠ. ದನಿ ಎತ್ತರಿಸಿ, ಬೆಂಚಿನ ಕೊನೆಯವರಿಗೂ ಕೇಳುವಂತೆ ಕಾರಣ, ಲಕ್ಷಣ, ಪಥ್ಯ ಎಲ್ಲ ವಿವರಿಸಿ ಔಷಧಿ ಬರೆದರು. ಅತ್ತೆ ಹೆಮ್ಮೆಯಿಂದ ಹೊರಬಂದರು. ಬಾಗಿಲ ಬಳಿ ಮತ್ತೆ ಗೋಡೆ ಹಿಡಿದುಕೊಂಡರು.

ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಬಾಯಿ ಬಿಟ್ಟೆ.

“ರೀ, ಅತ್ತೆ ದವಡೆ ಉಜ್ಜಿಕೊಳ್ತಾನೇ ಇದ್ರು. ಮೈಯೆಲ್ಲ ಬೆವರು ಬೇರೆ.”

“ಹೊಟ್ಟೆಹುಣ್ಣಲ್ಲಿ ದವಡೆ ಬರಲ್ಲ,” ಅಂದರು.

“ನಿಮ್ಮ ಪುಸ್ತಕದಲ್ಲಿ ಬರಲ್ಲ ರೀ. ಅತ್ತೆಗೆ ಬಂದಿದೆಯಲ್ಲ.”

ಇವರ ಮುಖ ಬಿಗಿಯಿತು. ಹಲ್ಲುನೋವಿರಬೇಕು, ಹಲ್ಲಿನ ಡಾಕ್ಟರಿಗೆ ತೋರಿಸಿದರಾಯಿತು ಅಂದರು. ಮೇಜಿನ ಮುಂದೆ ಕೂತು ಹೆಸರು ಕೂಗಿದ ಮಾತ್ರಕ್ಕೆ ಎಲ್ಲದರಲ್ಲೂ ಮೂಗು ತೂರಿಸಬೇಕಾಗಿಲ್ಲ ಎಂದೂ ಸೇರಿಸಿದರು. ನನಗೆ ಉರಿದುಹೋಯಿತು. ತಟ್ಟೆ ಎತ್ತಿಕೊಂಡು ಒಳಗೆ ನಡೆದೆ.

ಬುಧವಾರ ಬೆಳಗ್ಗೆ ಅತ್ತೆ ಒಗೆದ ಬಟ್ಟೆಯ ಬಕೆಟ್ಟು ಹಿಡಿದು ಮಹಡಿ ಹತ್ತುವಾಗ ಅರ್ಧಕ್ಕೇ ಕುಸಿದರು. ನಾನು ಓಡಿಹೋಗಿ ನೋಡಿದರೆ ಮುಖ ಬಿಳಿಚಿಕೊಂಡಿದೆ, ತುಟಿ ನೀಲಿಗಟ್ಟಿದೆ. ಇವರು ಬಂದರು. ಬಂದವರು ಕೈಕಾಲು ಆಡದೆ ನಿಂತುಬಿಟ್ಟರು. ಆಂಬುಲೆನ್ಸಿಗೆ ಫೋನು ಮಾಡಿದ್ದು ನಾನು.

ದೊಡ್ಡಾಸ್ಪತ್ರೆಯಲ್ಲಿ ಹೃದಯದ ಡಾಕ್ಟರಮ್ಮ ಇಸಿಜಿ ಮಾಡಿಸಿ, ಆ ಉದ್ದನೆಯ ಕಾಗದವನ್ನು ಇವರ ಮುಂದೆ ಹಿಡಿದು, ನೀವೂ ಡಾಕ್ಟರಲ್ವಾ, ನಿಮಗೇ ಕಾಣ್ತಿದೆಯಲ್ಲ ಅಂದರು. ಇವರು ಕಾಗದವನ್ನು ನೋಡಿ ತಲೆಯಾಡಿಸಿದರು. ಇವರಿಗೆ ಏನೂ ಕಾಣುತ್ತಿಲ್ಲ ಎಂಬುದು ನನಗೆ ಕಂಡಿತು, ಆಕೆಗೂ ಕಂಡಿರಬೇಕು. ನನ್ನ ಕಡೆ ತಿರುಗಿ ಬಿಡಿಸಿ ಹೇಳಿದರು. ಹಾರ್ಟ್ ಅಟ್ಯಾಕ್ ಆಗಿ ಎರಡು ದಿನವಾಗಿದೆ, ಹೃದಯದ ಒಂದು ಭಾಗ ಆಗಲೇ ಸತ್ತಿದೆ, ಉಳಿದದ್ದನ್ನು ಉಳಿಸಿಕೊಳ್ಳಲು ನೋಡುತ್ತಿದ್ದೇವೆ. ಮತ್ತೆ ನೋವು ಬಂದರೆ ಆ ಕ್ಷಣವೇ ನಮಗೆ ತಿಳಿಯಬೇಕು, ತಡವಾದರೆ ಜೀವಕ್ಕೇ ಅಪಾಯ.

ಎರಡು ದಿನದ ಹಿಂದೆ ಅಂದರೆ ಸೋಮವಾರ. ಸೋಮವಾರ ಅತ್ತೆ ಎದೆ ಎಂಬ ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಮಗ ಹೆದರಿ ಅದೇ ಗಳಿಗೆ ಚೀಟಿ ಬರೆಯುತ್ತಿದ್ದರು, ಅತ್ತೆ ಅವತ್ತೇ ಇದೇ ಆಸ್ಪತ್ರೆಗೆ ಬಂದಿರುತ್ತಿದ್ದರು. ದಾರಿಹೋಕರೆಲ್ಲರ ಪ್ರಾಣ ಉಳಿಸಿದ ಭಯ ಹೆತ್ತ ತಾಯಿಯ ಕೆಲಸಕ್ಕೆ ಬರಲಿಲ್ಲ.

ಇವರು ಔಷಧಿ ತರಲು ಕೆಳಗೆ ಹೋಗಿದ್ದಾಗ ಅತ್ತೆಯ ಮಂಚದ ಬಳಿ ಕೂತು, ಸೋಮವಾರ ಎದೆನೋವಿತ್ತಾ ಎಂದು ಕೇಳಿದೆ. ಇತ್ತು ಅಂದರು. ದವಡೆ, ಭುಜ, ಕೈ, ಎಲ್ಲ ಕಡೆಗೂ ಹರಿದಿತ್ತಂತೆ.

“ಮತ್ಯಾಕೆ ಹೇಳ್ಲಿಲ್ಲ ಅತ್ತೆ?”

ಇಷ್ಟೂ ಗೊತ್ತಾಗದ ಸೊಸೆ ಸಿಕ್ಕಳಲ್ಲ ಅನ್ನುವ ಹಾಗೆ ನನ್ನನ್ನು ನೋಡಿದರು.

“ಆ ಪಾಠ ಅವನಿಗೆ ಬರಲ್ಲ ಕಣಮ್ಮ. ಆಚೆ ಅಷ್ಟು ಜನ ಕೂತಿದ್ರು. ಬರದೇ ಇರೋದನ್ನ ಕೇಳಿ ಮಗನ ಮರ್ಯಾದೆ ಯಾಕೆ ಕಳೀಲಿ ನಾನು?”

ನನಗೆ ಬಂದ ಕೋಪವನ್ನು ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ. ಕುಂಚ ಹಿಡಿದಿದ್ದ ಮಾವ ಸತ್ತು ಬಚಾವಾಗಿದ್ದರು. ಎದುರಿಗಿದ್ದವರು ಮೂಗಿಗೆ ನಳಿಕೆ ಹಾಕಿಕೊಂಡು ಮಲಗಿದ್ದರು. ಉಳಿದದ್ದು ನನ್ನ ಗಂಡ. ತಿರುಗಿ ನೋಡಿದರೆ ಅವರು ಔಷಧಿಯ ಚೀಲ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಾರೆ. ಎಲ್ಲ ಕೇಳಿಸಿಕೊಂಡಿದ್ದಾರೆ ಎಂಬುದು ಮುಖದಲ್ಲೇ ಬರೆದಿತ್ತು. ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡು, ಎದ್ದು ಅವರಿಗೆ ಜಾಗ ಬಿಟ್ಟುಕೊಟ್ಟೆ.

ಇವರು ಚೀಲವನ್ನು ಕೆಳಗಿಟ್ಟು ತಾಯಿಯ ಪಕ್ಕ ಕೂತರು.

“ಈಗ ಹೇಗಿದೆಯಮ್ಮ?”

“ಮೇಲ್ಹೊಟ್ಟೇಲಿ ಸ್ವಲ್ಪ ಉರಿ. ಹಸಿದಾಗ ಹೆಚ್ಚು...”

“ಹೊಟ್ಟೆ ಬಿಡು. ಎದೆ ಹೇಗಿದೆ, ಅದನ್ನ ಹೇಳು.”

ಅತ್ತೆ ಹೊದಿಕೆಯನ್ನು ಎದೆಯವರೆಗೂ ಎಳೆದುಕೊಂಡರು. ಆಮೇಲೆ ಕೇಳಿದರು, “ಹೇಳಿದ್ರೆ ನಿಂಗೆ ಗೊತ್ತಾಗುತ್ತಾ?”

ಅದರಲ್ಲಿ ಚುಚ್ಚುಮಾತು ಏನೂ ಇರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದು. ಇಷ್ಟು ವರ್ಷ ನಾನು ಬೆನ್ನ ಹಿಂದೆ ಮಾಡಿದ ಲೇವಡಿಯೆಲ್ಲ ಈ ಒಂದು ಪ್ರಶ್ನೆಯ ಮುಂದೆ ಸಪ್ಪೆಯಾಯಿತು.

“ಗೊತ್ತಾಗಲ್ಲಮ್ಮ,” ಅಂದರು ನನ್ನ ಗಂಡ.

ಹೇಳುವಾಗ ಇವರ ಗಲ್ಲ ನಡುಗಿತು. ಅತ್ತೆ ಅದನ್ನು ನೋಡಿದರು. ನೋಡಿದ್ದೇ ತಡ, ಮಗನ ಕೈ ತಟ್ಟಿ, ಈಗ ಏನೂ ಇಲ್ಲ ಕಣೋ, ನೋವೆಲ್ಲ ಪೂರ್ತಿ ಹೋಗಿದೆ, ನೀನು ಹೋಗಿ ಊಟ ಮಾಡು, ಬೆಳಗಿನಿಂದ ಹಸಿದಿದ್ದೀಯ ಅಂದರು. ಮುಖದಲ್ಲಿ ನಗುವೂ ಇತ್ತು. ಇನ್ನೊಂದು ಕೈ ಮಾತ್ರ ಹೊದಿಕೆಯ ಕೆಳಗಿನಿಂದ ಹೊರಬಂದು ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು. ಹಣೆಯ ಮೇಲೆ ಬೆವರು ಕಾಣಿಸಿಕೊಂಡಿತ್ತು.

ನನ್ನ ಗಂಡ ಸೂರು ನೋಡಲಿಲ್ಲ. ತಾಯಿಯ ಹಣೆಯನ್ನು ನೋಡಿದರು, ಕಂಬಿ ಹಿಡಿದ ಕೈಯನ್ನು ನೋಡಿದರು. ಎದ್ದು ದಾಪುಗಾಲು ಹಾಕುತ್ತ ಹೋಗಿ ಡಾಕ್ಟರಮ್ಮನನ್ನು ಕರೆದುಕೊಂಡು ಬಂದರು. ಬಾಗಿಲಲ್ಲಿ ಅವರಿಗೆ ಹೇಳಿದ್ದು ನನಗೆ ಕೇಳಿಸಿತು.

“ನೋವಿಲ್ಲ ಅಂತಾರೆ, ನಂಬಬೇಡಿ. ನೋವಿದೆ. ನಾನಿದ್ರೆ ಹೇಳಲ್ಲ, ನೀವೇ ಕೇಳಿ. ನಾನು ಆಚೆ ಇರ್ತೀನಿ.”

ಡಾಕ್ಟರಮ್ಮ ಒಳಗೆ ಬಂದು ಬಾಗಿಲನ್ನು ಅರ್ಧ ಎಳೆದರು. ಸಂದಿನಲ್ಲಿ ಇವರ ಅಂಗಿಯ ತೋಳು ನನಗೆ ಕಾಣುತ್ತಿತ್ತು, ಅತ್ತೆಗೆ ಕಾಣುತ್ತಿರಲಿಲ್ಲ. ಅತ್ತೆ ಕತ್ತು ತುಸು ಎತ್ತಿ ನನ್ನನ್ನು ಕೇಳಿದರು.

“ಅವನು ಹೋದ್ನಾ?”

“ಹೋದ್ರು ಅತ್ತೆ,” ಅಂದೆ.

“ಹಾಗಾದ್ರೆ ಬೇಗ ಏನಾದ್ರೂ ಮಾಡಿ ಡಾಕ್ಟರಮ್ಮ. ಎದೆ ಒಡೆದು ಹೋಗ್ತಿದೆ.”