ಕಪ್ಪೆಯಿಲ್ಲದ ಹಳ್ಳ

ನಾಲ್ಕನೆಯ ದಿನವೂ ಹಳ್ಳದಲ್ಲಿ ಕಪ್ಪೆಯ ಸುಳಿವಿಲ್ಲ. ಎಪಿಯೆ ಬಂಡೆಯ ಮೇಲೆ ಕೂತು ಮರಗೆಣಸಿನ ಕಡುಬು ತಿನ್ನುತ್ತ, ಮೊಣಕಾಲುದ್ದ ನೀರಿನಲ್ಲಿ ತಡಕಾಡುತ್ತಿದ್ದ ಮೆಸೋದೆಯನ್ನು ನೋಡುತ್ತಿದ್ದ. ದುವಾಲಾ ನಗರದಲ್ಲಿ ಓದಿ, ದೈತ್ಯ ಕಪ್ಪೆಗಳನ್ನು ಹುಡುಕಿಕೊಂಡು ಬಂದ ಈ ಹುಡುಗಿಗೆ ದಾರಿ ತೋರಿಸುವ ಕೆಲಸ ಅವನದು. ಸಾಮಾನು ಹೊರುವವನು ಅವನ ಭಾವಮೈದುನ ದಿಯೋನೆ. ಬೆಕ್ಕಿನ ಗಾತ್ರದ ಆ ಕಪ್ಪೆಗಳನ್ನು ಒಂದು ಕಾಲಕ್ಕೆ ಬಲೆ ಹಾಕಿ ಹಿಡಿದು ಮಾರಿದ ಎಪಿಯೆಗೆ ಅವುಗಳ ಮನೆ-ಮಠವೆಲ್ಲ ಗೊತ್ತು.

ಅವಳ ಕಂಪ್ಯೂಟರ್ ಬರೆದ ನಕ್ಷೆಯೇ ಒಂದು ಸೋಜಿಗ. ಮಳೆ, ಇಳಿಜಾರು, ನೀರಿನ ಸೆಳೆತ, ಕಾಡಿನ ನೆರಳು ಎಲ್ಲ ಲೆಕ್ಕ ಹಾಕಿ, ಕಪ್ಪೆ ಎಲ್ಲಿ ಬದುಕೀತು ಎಂದು ಬಣ್ಣದಲ್ಲಿ ಹೇಳುತ್ತಿತ್ತು. ಈ ಹಳ್ಳಕ್ಕೆ ಎಲ್ಲಕ್ಕಿಂತ ಗಾಢವಾದ ಕೆಂಪು, ಎಂದರೆ ಕಪ್ಪೆ ಇರಲೇಬೇಕು. ಇಲ್ಲಿಗೆ ಕಾಲೇ ಇಡದ ಯಂತ್ರ ಅಷ್ಟು ಕರಾರುವಾಕ್ಕಾಗಿ ಹೇಗೆ ಹೇಳಿತೋ! ಕಪ್ಪೆಗಳೇ ಕಲ್ಲು ತಳ್ಳಿ ಮಾಡಿದ ಮೊಟ್ಟೆಗುಂಡಿಗಳನ್ನು ಅವನು ತೋರಿಸಿದಾಗ, ಅಷ್ಟು ದೊಡ್ಡ ಕಲ್ಲನ್ನು ಕಪ್ಪೆ ತಳ್ಳೀತೇ ಎಂದು ಅವಳೂ ಹತ್ತು ಸಲ ಕೇಳಿದ್ದಳು. ಆದರೆ ಕಪ್ಪೆಗಳು ಸದಾ ಗುಡಿಸಿಡುವ ಆ ಗುಂಡಿಗಳ ತುಂಬ ಈಗ ತರಗೆಲೆ.

ಮೆಸೋದೆ ಸೋತು ದಂಡೆಗೆ ಬಂದಳು. "ನನ್ನ ಲೆಕ್ಕವೇ ತಪ್ಪಿರ್ಬೇಕು ಚಿಕ್ಕಪ್ಪ. ಈ ಹಳ್ಳಾನ ನಕ್ಷೆಯಿಂದ ತೆಗೆದುಬಿಡ್ತೀನಿ."

ತೆಗೆದರೇನಾಗುತ್ತದೆ ಎಂದು ಎಪಿಯೆ ಕೇಳಿದ. ಉಳಿಸಬೇಕಾದ ಕಾಡಿನ ಪಟ್ಟಿಗೆ ಇದು ಸೇರುವುದಿಲ್ಲ, ಮೇಲಿನ ಮರಗಳನ್ನು ತಾಳೆತೋಟಕ್ಕಾಗಿ ಕಡಿಯಬಹುದು ಎಂದಳು.

ಅವನು ಕಡುಬನ್ನು ಪಕ್ಕಕ್ಕಿಟ್ಟ. ನಿಜ ಹೇಳಿದರೆ ಊರಿನ ಮಾನ ಹೋಗುತ್ತದೆ, ಹೇಳದಿದ್ದರೆ ಹಳ್ಳವೇ ಹೋಗುತ್ತದೆ. ಬಾಯಿ ಬಿಡಬೇಡ ಎಂಬಂತೆ ದಿಯೋನೆ ಬೇಕೆಂದೇ ಕೆಮ್ಮಿದ.

"ನಿನ್ನ ಲೆಕ್ಕ ಸರಿಯಾಗೇ ಇದೆ ಕಣಮ್ಮ," ಎಂದ ಎಪಿಯೆ. "ತಪ್ಪು ನಮ್ದು. ಕೋಕೋ ಗಿಡಕ್ಕೆ ಹೊಡೆಯೋ ಔಷಧಿನ ಇಲ್ಲಿ ಸುರೀತೀವಿ. ಸೀಗಡಿ ಸತ್ತು ಬುಟ್ಟಿಗಟ್ಲೆ ತೇಲುತ್ತೆ. ಕಪ್ಪೆಗಳೂ ತೇಲಿದ್ವು."

"ಸಾವಿನ ಊಟಕ್ಕೆ ಇನ್ನೂರು ಜನ ಬಂದ್ರೆ ಬಲೆ ಹಾಕ್ಕೊಂಡು ಕೂತಿರೋಕಾಗುತ್ತಾ?" ದಿಯೋನೆ ಸಿಡುಕಿದ. "ಈ ಶನಿವಾರ ನಮ್ಮ ದೊಡ್ಡಪ್ಪನ ಊಟಕ್ಕೆ ಸೀಗಡಿ ತರ್ತೀನಿ ಅಂತ ನಾನು ಮಾತು ಕೊಟ್ಟಿದೀನಿ. ನಿಮ್ಮವ್ವನ ಊಟಕ್ಕೂ ಹಾಗೇ ತಂದಿದ್ದಲ್ವಾ ಭಾವ?"

"ಹೌದು. ಡಬ್ಬಿ ನನ್ನ ಕೈಯಲ್ಲೇ ಇತ್ತು." ಎಪಿಯೆಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮೆಸೋದೆ ಬೈಯಲಿಲ್ಲ. ಎಲ್ಲಿಂದ ಸುರಿಯುತ್ತೀರಿ, ಹಳ್ಳ ಧುಮುಕುವ ಆ ಜಲಪಾತದ ಮೇಲಿನಿಂದಲೋ ಎಂದಷ್ಟೇ ಕೇಳಿದಳು. ಡಬ್ಬಿ ಹೊತ್ತು ಅಷ್ಟೆತ್ತರ ಹತ್ತಲು ಎಲ್ಲರಿಗೂ ಸೋಮಾರಿತನ ಎಂದ ಎಪಿಯೆ. ಹಾಗಾದರೆ ಮೇಲಿನ ನೀರಿಗೆ ವಿಷ ಸೋಕಿಲ್ಲ! ಅವಳ ಕಣ್ಣು ಅರಳಿತು.

ಬೇರು ಹಿಡಿದು, ಜಾರಿ, ಮೂವರೂ ಹತ್ತಿದರು. ಮೇಲೆ ಹೊಸದಾಗಿ ಗುಡಿಸಿದಂತಿದ್ದ ಒಂದು ಗುಂಡಿ. ತಿಳಿನೀರಿನ ತಳದ ಕಲ್ಲುಗಳಿಗೆ ಮೊಟ್ಟೆಗಳು ಅಂಟಿದ್ದವು. ಪಕ್ಕದಲ್ಲೇ ತಾಯಿಯೋ ತಂದೆಯೋ, ದೈತ್ಯ ಕಪ್ಪೆಯೊಂದು ಅಲುಗಾಡದೆ ಕೂತಿತ್ತು.

ದಿಯೋನೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಕಲ್ಲನ್ನು ಕೈಯಿಂದ ತಳ್ಳುತ್ತದೋ ತಲೆಯಿಂದಲೋ ಎಂದು ಪಿಸುಮಾತಿನಲ್ಲಿ ಕೇಳಿದ. ಯಾರಿಗೂ ಗೊತ್ತಿರಲಿಲ್ಲ.

"ಭಾವ," ಎಂದ ಕೊನೆಗೆ, "ಶನಿವಾರ ಸೀಗಡಿ ಬದ್ಲು ಕಾಳು ಬೇಯ್ಸೋಣ. ಬೈಯೋರು ಬೈಕೊಳ್ಳಲಿ."