ಪರದೆಯ ನಾಲ್ಕನೆಯ ಮೂಲೆ

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಗೋಡೆ ಅಂತ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ತಣ್ಣಗೆ ಮಲಗಿತ್ತು. ಹೆಂಡತಿ ಕೂಡ ಸಿಟ್ಟು ಬಂದಾಗ, "ಗೋಡೆಗೆ ಹೇಳಿದ್ರೂ ಒಂದೇ, ನಿಮಗೆ ಹೇಳಿದ್ರೂ ಒಂದೇ" ಎಂದು ಪಾತ್ರೆ ಕುಕ್ಕುತ್ತಿದ್ದಳು. ಅವನಿಗೆ ಆ ಹೆಸರಿನಿಂದ ಬೇಸರವೇನೂ ಇರಲಿಲ್ಲ. ಯಾಕಿರಬೇಕು? ಆ ವರ್ಷ ಅವನು ಕೆಲಸಕ್ಕಿದ್ದ ಲಾಂಡ್ರಿಯ ಫುಟ್‌ಬಾಲ್ ತಂಡ ಒಂಬತ್ತು ಪಂದ್ಯ ಆಡಿತ್ತು, ಒಂಬತ್ತರಲ್ಲೂ ಎದುರಾಳಿಗೆ ಒಂದು ಗೋಲೂ ದಕ್ಕಿರಲಿಲ್ಲ. ಮೈದಾನದ ಸುತ್ತ ನಿಂತವರು, "ಗೋಡೆ ಇದಾನಲ್ಲ, ಮಿಕ್ಕ ಮೂವರು ಇದ್ರೆಷ್ಟು ಬಿಟ್ರೆಷ್ಟು" ಎನ್ನುತ್ತಿದ್ದರು. ಅದು ಅವನ ಕಿವಿಗೂ ಬೀಳುತ್ತಿತ್ತು. ಕೇಳದವನಂತೆ ನಡೆದುಹೋಗುತ್ತಿದ್ದ, ಆದರೆ ಹೆಜ್ಜೆ ಸ್ವಲ್ಪ ನಿಧಾನ ಮಾಡಿಕೊಂಡು.

ಗೋಲಿನ ಮುಂದೆ ಸಾಲಾಗಿ ನಿಂತು ಕಾಯುವ ನಾಲ್ವರಲ್ಲಿ ಆ ಮಿಕ್ಕ ಮೂವರು ಯಾರೆಂದು ಈಗಲೇ ಹೇಳಿಬಿಡುವುದು ಒಳ್ಳೆಯದು; ಆಮೇಲೆ ಯಾರೂ ಹೇಳುವುದಿಲ್ಲ. ಎಡತುದಿಯಲ್ಲಿ ಡ್ರೈವರ್, ಲಾಂಡ್ರಿಯ ವ್ಯಾನು ಓಡಿಸುವವನು. ಬಲತುದಿಯಲ್ಲಿ ಭಾವಮೈದ, ಗೋಡೆಯ ಹೆಂಡತಿಯ ತಮ್ಮ. ಅಕ್ಕನ ಹಾಗೆಯೇ ಬಾಯಿ ಜೋರು. ನಡುವೆ ಗೋಡೆ, ಅವನ ಎಡಕ್ಕೆ ಸೋಡಾ. ಸೋಡಾಬುಡ್ಡಿ ಕನ್ನಡಕದವನಾದ್ದರಿಂದ ಸೋಡಾ. ಕನ್ನಡಕ ತೆಗೆದರೆ ಹತ್ತು ಹೆಜ್ಜೆ ಆಚೆ ನಿಂತದ್ದು ಕಂಬವೋ ಎದುರಾಳಿಯೋ ಅವನಿಗೆ ಗೊತ್ತಾಗುತ್ತಿರಲಿಲ್ಲ, ಹಾಕಿಕೊಂಡು ಆಡಲು ರೆಫರಿ ಬಿಡುತ್ತಿರಲಿಲ್ಲ. ಆದರೂ ಅವನು ಆಡುತ್ತಿದ್ದ, ಚೆನ್ನಾಗಿಯೇ ಆಡುತ್ತಿದ್ದ. ಹೇಗೆ ಎಂದು ಯಾರೂ ಕೇಳಿರಲಿಲ್ಲ.

ಕೇಳಿದ್ದರೆ, ಉತ್ತರ ಮಡಿಸುವ ಕೋಣೆಯಲ್ಲಿತ್ತು. ಉದ್ದನೆಯ ಕೋಣೆ. ಗಾಜಿನ ಸೂರಿನಿಂದ ಹಾಲಿನಂಥ ಬೆಳಕು ಇಳಿಯುತ್ತಿತ್ತು. ಪಕ್ಕದ ಇಸ್ತ್ರಿ ಯಂತ್ರಗಳ ಹಬೆ ಬಾಗಿಲ ಸಂದಿಯಿಂದ ನುಸುಳಿ ಮೊಣಕಾಲಿನ ಎತ್ತರಕ್ಕೆ ತೇಲಾಡುತ್ತಿತ್ತು. ಒಳಗೆ ಬಂದವರಿಗೆ ಯಾರ ಕಾಲೂ ಕಾಣುತ್ತಿರಲಿಲ್ಲ, ಎಲ್ಲರೂ ಅರ್ಧ ನಿದ್ದೆಯಲ್ಲಿ ತೇಲುತ್ತಿದ್ದಾರೆ ಎನ್ನಿಸುತ್ತಿತ್ತು. ಆಸ್ಪತ್ರೆಗಳ ಹಾಸಿಗೆ ಬಟ್ಟೆಯನ್ನು ಇಬ್ಬಿಬ್ಬರು ಮಡಿಸಿದರೆ ಸಾಕು. ನಾಟಕ ಮಂದಿರಗಳ ಪರದೆಗೆ ಮಾತ್ರ ನಾಲ್ವರು ಬೇಕು, ಮೂಲೆಗೊಬ್ಬರಂತೆ. ಆ ನಾಲ್ವರು ಇವರೇ.

ಕೋಣೆಯ ಯಜಮಾನಿಕೆ ದೊಡ್ಡಮ್ಮನದು. ಅವಳು ಗೋಡೆಯ ತಾಯಿಯ ಅಕ್ಕ. ಆದರೆ ಲಾಂಡ್ರಿಯ ಮಾಲೀಕ ಸಮೇತ ಎಲ್ಲರಿಗೂ ದೊಡ್ಡಮ್ಮನೇ. ನಲವತ್ತು ವರ್ಷ ಬಟ್ಟೆ ಮಡಿಸಿದ ಕೈ. ಅವಳ ಕಾನೂನು ಒಂದೇ: ಮಡಿಸುವಾಗ ಬಟ್ಟೆಯನ್ನೂ ನೋಡಬಾರದು, ಕೈಯನ್ನೂ ನೋಡಬಾರದು. "ಬಟ್ಟೆ ಎಳೆದ ಕಡೆ ಹೋಗಿ, ಬಿಟ್ಟ ಕಡೆ ನಿಲ್ಲಿ. ಕಣ್ಣಿಗೇನು ಕೆಲಸ ಇಲ್ಲಿ?" ಎನ್ನುತ್ತಿದ್ದಳು. ಆ ನಾಲ್ವರು ಎಂಟು ವರ್ಷದಿಂದ ಹಾಗೆಯೇ ಮಡಿಸಿದ್ದರು. ಹತ್ತಿರ ಬರುವುದು, ದೂರ ಸರಿಯುವುದು, ಒಟ್ಟಿಗೆ ಒಂದು ಹೆಜ್ಜೆ ಮುಂದಿಡುವುದು, ಯಾವುದಕ್ಕೂ ಬಾಯಿ ಬಿಡಬೇಕಾಗಿರಲಿಲ್ಲ.

ಕೆಲಸ ಮುಗಿದ ಮೇಲೆ ಹಿಂದಿನ ಅಂಗಳದಲ್ಲಿ ಹರಿದುಹೋದ ಒಂದು ಹಳೆಯ ಕೆಂಪು ಪರದೆಯನ್ನು ಉದ್ದಕ್ಕೆ ಮಡಿಸಿ, ನಾಲ್ವರೂ ಸಾಲಾಗಿ ಹಿಡಿದು, ಮುಂದೆ ಹಿಂದೆ ನಡೆಯುತ್ತಿದ್ದರು. ಪರದೆ ಜೋತು ಬೀಳಬಾರದು, ಬಿಗಿದು ಚರ್ ಎನ್ನಲೂಬಾರದು. ಇದೇ ಅವರ ಫುಟ್‌ಬಾಲ್ ಅಭ್ಯಾಸ. ಬೇರೆ ತಂಡದವರು ಬೇಲಿಯಾಚೆಯಿಂದ ಇಣುಕಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಪಂದ್ಯದ ದಿನ ಅವರ ಮುಖ ಹುಳ್ಳಗಾಗುತ್ತಿತ್ತು. ಯಾಕೆಂದರೆ ಪಂದ್ಯದಲ್ಲಿ ಪರದೆ ಇಲ್ಲದಿದ್ದರೂ ನಾಲ್ವರ ಕೈಯಲ್ಲಿ ಅದು ಇರುತ್ತಿತ್ತು. ನಾಲ್ವರೂ ಒಂದೇ ಕ್ಷಣಕ್ಕೆ ಒಂದು ಹೆಜ್ಜೆ ಮುಂದೆ ಬರುತ್ತಿದ್ದರು, ಎದುರಾಳಿ ಅವರ ಬೆನ್ನ ಹಿಂದೆ ಒಬ್ಬನೇ ಉಳಿದು ಆಫ್‌ಸೈಡ್ ಆಗಿ, ಹೊಡೆದ ಗೋಲೂ ಲೆಕ್ಕಕ್ಕೆ ಬಾರದೆ ಕೈ ಚೆಲ್ಲುತ್ತಿದ್ದ. ದೊಡ್ಡಮ್ಮ ಪ್ರತಿ ಪಂದ್ಯಕ್ಕೂ ಬರುತ್ತಿದ್ದಳು, ಆದರೆ ಚೆಂಡಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. "ಚೆಂಡು ನೋಡಿ ನಾನೇನ್ಮಾಡ್ಲಿ? ಬಟ್ಟೆ ನೋಡ್ತೀನಿ" ಎನ್ನುತ್ತಿದ್ದಳು.

ಇಂಥ ಹೊತ್ತಿನಲ್ಲಿ ದೊಡ್ಡ ಕ್ಲಬ್ಬಿನಿಂದ ಗೋಡೆಗೆ ಕಾಗದ ಬಂತು. ಗುರುವಾರ ಮಧ್ಯಾಹ್ನ ಬಂದು ಅವರ ಆಟಗಾರರ ಜೊತೆ ಒಂದು ಪಂದ್ಯ ಆಡಬೇಕು, ಹಿಡಿಸಿದರೆ ಸೇರಿಸಿಕೊಳ್ಳುತ್ತಾರೆ. ಅವನಿಗೆ ಇಪ್ಪತ್ತೆಂಟು ತುಂಬಿತ್ತು. ಈ ಕರೆ ಕೈತಪ್ಪಿದರೆ ಇನ್ನೊಂದು ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅದೇ ಗುರುವಾರ ಲಾಂಡ್ರಿಯ ಸೆಮಿಫೈನಲ್. ಹೇಗೆ ಹೇಳುವುದೆಂದು ಒದ್ದಾಡುತ್ತಿದ್ದಾಗ ಸೋಡಾ ತಾನೇ, "ಹೋಗೋ ಮಾರಾಯ, ನಾವೇನು ಹಾಲು ಕುಡಿಯೋ ಮಕ್ಕಳಾ?" ಎಂದ. ಗೋಡೆಯ ಜಾಗಕ್ಕೆ ಇಸ್ತ್ರಿ ಯಂತ್ರದ ಮೆಕ್ಯಾನಿಕ್ಕನನ್ನು ನಿಲ್ಲಿಸುವುದೆಂದು ತೀರ್ಮಾನವಾಯಿತು.

ದೊಡ್ಡ ಕ್ಲಬ್ಬಿನ ಮೈದಾನ ಕನಸಿನಲ್ಲಿ ಕಂಡಂತಿತ್ತು. ಹುಲ್ಲು ಈಗಷ್ಟೇ ಇಸ್ತ್ರಿ ಮಾಡಿದ ಹಾಗೆ. ಮಾತಾಡಿದರೆ ದನಿ ಎಲ್ಲೋ ಹೋಗಿ ಸುತ್ತಿಕೊಂಡು ಹಿಂದೆ ಬರುತ್ತಿತ್ತು. ಅವನ ಅಕ್ಕಪಕ್ಕ ಮೂವರು ಅಪರಿಚಿತರು, ಒಬ್ಬೊಬ್ಬರೂ ಅವನಿಗಿಂತ ಎತ್ತರ, ಅವನಿಗಿಂತ ವೇಗ. ಇವರ ಜೊತೆ ಆಡಿದರೆ ಇನ್ನೇನು ಬೇಕು ಎಂದುಕೊಂಡ.

ಹತ್ತನೆಯ ನಿಮಿಷಕ್ಕೆ ಆ ಕ್ಷಣ ಬಂತು. ಚೆಂಡು ಇನ್ನೂ ದೂರದಲ್ಲಿತ್ತು. ಅವನ ಮೈಗೆ ತಾನಾಗಿ ತಿಳಿಯಿತು, ಈಗ. ಎಡಗೈಯನ್ನು ಮೆಲ್ಲಗೆ ಎಳೆದು ಒಂದು ಹೆಜ್ಜೆ ಮುಂದಿಟ್ಟ. ಆ ಕಡೆಯಿಂದ ಏನೂ ಬರಲಿಲ್ಲ. ಎಡಗೈ ಗಾಳಿಯನ್ನು ಹಿಡಿದುಕೊಂಡು ಹಾಗೇ ಉಳಿಯಿತು. ಮೂವರೂ ಇದ್ದಲ್ಲೇ ಇದ್ದರು, ಅವನೊಬ್ಬ ಮಾತ್ರ ಮುಂದೆ. ಅವನು ಬಿಟ್ಟುಬಂದ ಜಾಗದಲ್ಲಿ ಎದುರಾಳಿ ನಮ್ಮ ಮನೆ ಎನ್ನುವ ಹಾಗೆ ನುಗ್ಗಿ ಗೋಲು ಹೊಡೆದ.

ಆಮೇಲೆ ಅವನು ಪ್ರಾಣ ಒತ್ತೆಯಿಟ್ಟು ಆಡಿದ. ಹಾರಿದ, ಜಾರಿದ, ಮೂರು ಸಲ ಗೋಲಿನ ಬಾಯಿಂದಲೇ ಚೆಂಡು ಕಿತ್ತುಕೊಂಡ. ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರು. ಲಾಂಡ್ರಿಯಲ್ಲಿ ಅವನು ಇಷ್ಟು ಚೆನ್ನಾಗಿ ಎಂದೂ ಆಡಿರಲಿಲ್ಲ, ಅಲ್ಲಿ ಅದರ ಅಗತ್ಯವೇ ಬಿದ್ದಿರಲಿಲ್ಲ. ಇಷ್ಟೆಲ್ಲ ಆದಮೇಲೂ ಇನ್ನೆರಡು ಗೋಲು ಬಿದ್ದವು. ಎರಡೂ ಸಲ ಅವನ ಮೈ ಮರೆತು ಹೆಜ್ಜೆ ಮುಂದಿಟ್ಟಿತ್ತು.

ಪಂದ್ಯ ಮುಗಿದ ಮೇಲೆ ಕೋಚ್ ಹತ್ತಿರ ಬಂದ. ಕಡಿಮೆ ಮಾತಿನ ಮನುಷ್ಯ.

"ಚೆನ್ನಾಗಿ ಆಡ್ತೀಯ. ಎಡಗೈಯಲ್ಲಿ ಏನು ಹಿಡ್ಕೊಂಡಿದ್ದೆ?"

ಗೋಡೆ ತನ್ನ ಎಡಗೈ ನೋಡಿಕೊಂಡ. ಪರದೆ ಎಂದು ಹೇಳುವುದು ಹೇಗೆ?

"ಮುಂದಿನ ಗುರುವಾರ ಇನ್ನೊಂದ್ಸಲ ಬಾ. ಅದೇನೇ ಇರ್ಲಿ, ಮನೇಲಿ ಬಿಟ್ಟು ಖಾಲಿ ಕೈಲಿ ಬಾ."

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕುಳಿತಾಗ ಅವನ ಮನಸ್ಸು ಎಲ್ಲಿಗೆ ಹೋಯಿತು ಗೊತ್ತೇ? ಸೆಮಿಫೈನಲ್ಲಿಗೆ. ಅಲ್ಲಿ ಐದಾರು ಗೋಲು ಬಿದ್ದಿರಲಿ ಎಂದು ಆಸೆಪಟ್ಟ. ಬಿದ್ದಿದ್ದರೆ ತಾನು ಗೋಡೆಯೇ ಎಂದಾಗುತ್ತದೆ, ಇಂದಿನದು ಅಪರಿಚಿತರ ತಪ್ಪು ಎಂದಾಗುತ್ತದೆ. ಆಸೆಪಟ್ಟ ಮರುಗಳಿಗೆಗೇ ಸೋಡಾನ ಮುಖ ಕಣ್ಣ ಮುಂದೆ ಬಂದು ನಾಚಿಕೆಯಿಂದ ಕಿವಿ ಬಿಸಿಯಾಯಿತು. ನಾಚಿಕೆಯಾದರೂ ಆಸೆ ಹೋಗಲಿಲ್ಲ, ಅದು ಅವನ ಜೊತೆಗೇ ಬಸ್ಸಿಳಿಯಿತು.

ಮರುದಿನ ಬೆಳಿಗ್ಗೆ ಮಡಿಸುವ ಕೋಣೆಗೆ ಹೋದರೆ ನಾಲ್ಕು ದೊಡ್ಡ ಪರದೆಗಳು ಕಾದಿದ್ದವು. ಎಲ್ಲರೂ ಮೂಲೆ ಹಿಡಿದರು. ಹಬೆ ಕಾಲ ಸುತ್ತ ಸುಳಿಯುತ್ತಿತ್ತು.

"ಏನಾಯ್ತು ನಿನ್ನೆ?" ಎಂದು ಗೋಡೆಯೇ ಮೊದಲು ಕೇಳಿದ. ಸಹಜವಾಗಿ ಕೇಳಬೇಕೆಂದುಕೊಂಡಿದ್ದ, ದನಿ ಕೀರಲಾಯಿತು.

"ಗೆದ್ವಿ," ಎಂದ ಭಾವಮೈದ. "ಮೂರು ಹೊಡೆದ್ವಿ, ಎರಡು ಬಿತ್ತು. ಮುಂದಿನ ಗುರುವಾರ ಫೈನಲ್."

"ಎರಡು ಹೇಗೆ ಬಿತ್ತು?"

ಡ್ರೈವರ್, "ಮೆಕ್ಯಾನಿಕ್ ಬೇರೆ ಕಡೆ ಓಡಿಹೋಗಿದ್ದ. ಜಾಗ ಖಾಲಿ ಇತ್ತು. ಸೋಡಾನೋ ನಿನ್ನ ಭಾವಮೈದನೋ ಸರಿದು ಮುಚ್ಚಬಹುದಿತ್ತು" ಎಂದ.

"ಮತ್ತೆ ಯಾಕೆ ಮುಚ್ಚಲಿಲ್ಲ?"

ಸೋಡಾ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುತ್ತ, "ನೀನಿದ್ದೀಯ ಅಂತ ಅನ್ನಿಸ್ತು ಕಣೋ" ಎಂದ. "ಖಾಲಿ ಅಂತ ಗೊತ್ತಿತ್ತು. ಆದ್ರೂ ಕಾಲು ಆ ಕಡೆ ಹೋಗಲಿಲ್ಲ. ನಿನ್ನ ಜಾಗ ತುಳಿದ ಹಾಗೆ ಆಗುತ್ತಲ್ಲ."

ಗೋಡೆಗೆ ಆಗ ಹೊಳೆಯಿತು. ನಿನ್ನೆ ತಾನು ಪಕ್ಕದಲ್ಲಿಲ್ಲದ ಇವರನ್ನು ನಂಬಿ ಹೆಜ್ಜೆ ಮುಂದಿಟ್ಟ ಹೊತ್ತಿಗೆ, ಇವರು ಪಕ್ಕದಲ್ಲಿಲ್ಲದ ತನ್ನನ್ನು ನಂಬಿ ಸುಮ್ಮನೆ ನಿಂತಿದ್ದರು.

"ಅಲ್ಲಿ ನಿಂದೇನಾಯ್ತು?" ಎಂದ ಸೋಡಾ.

"ಚೆನ್ನಾಗಾಯ್ತು. ಮತ್ತೆ ಬಾ ಅಂದಿದಾರೆ."

ಸೋಡಾ ತನ್ನ ಮೂಲೆಯನ್ನು ಒಂದು ಎಳೆ ಎಳೆದು ನೋಡಿದ. "ಸುಳ್ಳು," ಎಂದ. "ನಿನ್ನ ಮೂಲೆ ಸಡಿಲ ಇದೆ."

ಒಂದೇ ಬಟ್ಟೆಯ ಇನ್ನೊಂದು ಮೂಲೆ ಹಿಡಿದವನ ಹತ್ತಿರ ಏನು ಮುಚ್ಚಿಡಲಾಗುತ್ತದೆ? ಗೋಡೆ ಎಲ್ಲ ಹೇಳಿದ. ಗಾಳಿ ಹಿಡಿದ ಎಡಗೈ, ಮೂರು ಗೋಲು, ಬಸ್ಸಿನಲ್ಲಿ ಪಟ್ಟ ಆಸೆಯನ್ನೂ. ಭಾವಮೈದ ಬೈಯಲು ಬಾಯಿ ತೆರೆದ, ದೊಡ್ಡಮ್ಮ ಕಣ್ಣಲ್ಲೇ ಅವನ ಬಾಯಿ ಮುಚ್ಚಿಸಿದಳು.

"ನಿನಗೆ ಗೋಡೆ ಅಂತ ಹೆಸರಿಟ್ಟೋರು ಚೆಂಡು ನೋಡಿದೋರು," ಎಂದಳು. "ನಾನು ನೋಡಿದ್ರೆ ನೀನೊಂದು ಮೂಲೆ. ಒಳ್ಳೇ ಮೂಲೆ, ಇಲ್ಲ ಅನ್ನಲ್ಲ. ನೀನು ಬಿಟ್ರೆ ಪರದೆ ಜೋತು ಬೀಳತ್ತೆ, ನೀನೊಬ್ಬನೇ ಹಿಡಿದ್ರೆ ಪೂರ್ತಿ ನೆಲ ಗುಡಿಸತ್ತೆ. ಇದಕ್ಕೆ ಇಷ್ಟು ಅಳೋದೇನಿದೆ?"

"ನಾನೆಲ್ಲಿ ಅಳ್ತಿದೀನಿ?"

"ಹಬೆ ಇರಬೇಕು ಬಿಡು."

"ಗುರುವಾರ ನಾನು ಹೋಗಲ್ಲ ದೊಡ್ಡಮ್ಮ. ಫೈನಲ್ ಆಡ್ತೀನಿ."

ದೊಡ್ಡಮ್ಮನಿಗೆ ನಿಜವಾಗಿಯೂ ಸಿಟ್ಟು ಬಂತು. "ಹೆದರಿಕೊಂಡು ಇಲ್ಲಿ ಉಳಿಯೋನ ಕೈಗೆ ನಾನು ನನ್ನ ಪರದೆ ಕೊಡಲ್ಲ. ಹೋಗಲ್ಲ ಅನ್ನೋದಾದ್ರೆ ಮನಸ್ಸಿಲ್ಲ ಅಂತ ಹೇಳು, ಒಪ್ತೀನಿ. ಮನಸ್ಸಿದೆಯೋ ಇಲ್ವೋ?"

ಗೋಡೆ ತಲೆ ತಗ್ಗಿಸಿದ. ಮನಸ್ಸಿತ್ತು. ಮೈಯೆಲ್ಲ ಮನಸ್ಸೇ ಆಗಿತ್ತು.

"ಮತ್ತೆ ಹೋಗು."

"ಖಾಲಿ ಕೈಲಿ ಬಾ ಅಂದಿದಾರೆ."

"ಖಾಲಿ ಕೈಲೇ ಹೋಗು. ಅಲ್ಲಿರೋರಿಗೇನು ಕೈ ಇಲ್ವಾ?"

ಅವನು ಆ ಮಾತನ್ನು ಅರ್ಥವಾಗದೆ ಹಾಗೇ ಜೇಬಿಗಿಳಿಸಿಕೊಂಡ.

ಅಂದಿನಿಂದ ಪ್ರತಿ ಸಂಜೆ ಮೆಕ್ಯಾನಿಕ್ಕನನ್ನು ಅಂಗಳಕ್ಕೆ ಕರೆತಂದು ಕೆಂಪು ಪರದೆಯ ಆ ಜಾಗದಲ್ಲಿ ನಿಲ್ಲಿಸಿದರು. ಕಲಿಸುವ ಕೆಲಸ ಗೋಡೆಯದೇ. ಕಷ್ಟದ ಕೆಲಸ, ಎಂಟು ವರ್ಷ ಕೂತ ಕುರ್ಚಿಯನ್ನು ಒರೆಸಿ ಇನ್ನೊಬ್ಬನಿಗೆ ಕೊಟ್ಟಂತೆ. ಮೆಕ್ಯಾನಿಕ್ ಯಂತ್ರದ ಬೋಲ್ಟು ಬಿಗಿಯುವವನ ಹಾಗೆ ಪರದೆ ಜಗ್ಗುತ್ತಿದ್ದ. ಎರಡನೆಯ ದಿನ ಸೋಡಾ ನಿಂತುಬಿಟ್ಟು, "ಇವನು ಎಳೀತಾನೆ. ನೀನು ಎಳೆಯೋ ಮುಂಚೆ ಬಿಡ್ತಿದ್ದೆ" ಎಂದ.

"ನಾನಾ?"

"ಹೂಂ. ನನಗೆ ಕಣ್ಣು ಕಾಣಲ್ಲ, ತಡವಾಗತ್ತೆ ಅಂತ ಗೊತ್ತಿತ್ತಲ್ಲ ನಿನಗೆ. ಒಂದು ಚೂರು ಸಡಿಲ ಬಿಟ್ಟು ಕಾಯ್ತಿದ್ದೆ. ಆಮೇಲೆ ಹೆಜ್ಜೆ ಇಡ್ತಿದ್ದೆ."

ಗೋಡೆಗೆ ಇದು ಗೊತ್ತೇ ಇರಲಿಲ್ಲ. ಕೈಗೆ ಗೊತ್ತಿತ್ತು, ಅವನಿಗೆ ಯಾರೂ ಹೇಳಿರಲಿಲ್ಲ. ಜನ ಅವನ ಎತ್ತರ ಹೊಗಳಿದ್ದರು, ಎದೆ ಹೊಗಳಿದ್ದರು, ಕಾಲು ಹೊಗಳಿದ್ದರು. ಆ ಒಂದು ಚೂರು ಸಡಿಲವನ್ನು ಕಂಡವನು ಕಣ್ಣು ಕಾಣದ ಇವನೊಬ್ಬನೇ. ಗೋಡೆ ಹೋಗಿ ಮೆಕ್ಯಾನಿಕ್ಕನ ಕೈ ಮೇಲೆ ಕೈಯಿಟ್ಟು ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿದ. "ಇಷ್ಟು ಬಿಡು. ಅವನು ಬರೋವರೆಗೂ ಬಿಡು. ಬರ್ತಾನೆ."

ಗುರುವಾರ ಮಧ್ಯಾಹ್ನ, ಲಾಂಡ್ರಿಯ ಫೈನಲ್ ಶುರುವಾಗುವ ಹೊತ್ತಿಗೆ, ಅವನು ಅದೇ ಇಸ್ತ್ರಿ ಹುಲ್ಲಿನ ಮೇಲೆ ಖಾಲಿ ಕೈಯಲ್ಲಿ ನಿಂತಿದ್ದ. ಎಡಕ್ಕೆ ಹೋದ ವಾರದವನೇ, ಕಿವಿಯ ಹತ್ತಿರ ಗಾಯದ ಗುರುತಿದ್ದ ಆಳು. ಸೀಟಿ ಊದಲು ಇನ್ನೂ ಸ್ವಲ್ಪ ಹೊತ್ತಿತ್ತು. ಮೋಡ ಸೂರ್ಯನ ಮೇಲೆ ಬಂದು ಇಡೀ ಮೈದಾನಕ್ಕೆ ಹಾಲಿನಂಥ ಬೆಳಕು ಇಳಿಯಿತು. ಅವನ ಎಡಗೈ ತನಗೆ ತಾನೇ ಮುಚ್ಚಿಕೊಂಡಿತು.

ಪಕ್ಕದವನು ನೋಡಿದ. "ಹೋದ್ಸಲಾನೂ ಹಿಂಗೇ ಮಾಡ್ತಿದ್ದೆ. ಏನದು?"

ಆಗ ದೊಡ್ಡಮ್ಮನ ಮಾತು ಜೇಬಿನಿಂದ ಹೊರಗೆ ಬಂತು: ಅಲ್ಲಿರೋರಿಗೇನು ಕೈ ಇಲ್ವಾ? ಗೋಡೆ ಮುಷ್ಟಿಯನ್ನು ಅವನ ಕಡೆಗೆ ಚಾಚಿದ.

"ಪರದೆ. ಹಿಡ್ಕೋ."

"ಎಲ್ಲಿದೆ?"

"ಮೊದಲು ಹಿಡ್ಕೋ. ಆಮೇಲೆ ಆ ಕಡೆಯವನಿಗೂ ಕೊಡು."

ಅವನು ಇವನನ್ನು ಮೇಲಿಂದ ಕೆಳಗೆ ನೋಡಿದ. ತಲೆ ಕೆಟ್ಟಿದೆಯೇನೋ ಎಂಬ ನೋಟ. ಆಮೇಲೆ, ಚಿಕ್ಕಂದಿನಲ್ಲಿ ಇಂಥದೇನೋ ಆಟ ಆಡಿದ್ದು ನೆನಪಾದವನಂತೆ ನಕ್ಕು, ಬಲಗೈ ಚಾಚಿ ಬರೀ ಗಾಳಿಯನ್ನು ಹಿಡಿದ.

ರೆಫರಿ ಸೀಟಿ ಊದಿದ. ಗೋಡೆ ಒಂದು ಚೂರು ಸಡಿಲ ಬಿಟ್ಟು ಕಾದ. ಒಂದು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವನ ಎಡಗೈಯನ್ನು ಆ ಕಡೆಯಿಂದ ಯಾರೋ ಮೆಲ್ಲಗೆ ಎಳೆದರು.